ಬೇರೆ ಥರ ಇತ್ತು

ಉತ್ತರ ಡಕೋಟಾದ ಈ ಪುಟ್ಟ ಊರಿನ ಚರ್ಚಿಗೆ ಪಾಸ್ಟರ್ ಆಗಿ ಬಂದಾಗಿನಿಂದ ನನ್ನ ದಿನಚರಿಯಲ್ಲಿ ಐದು ಸಲ ಒಂದೇ ಸಾಲಿತ್ತು: ‘ಆರ್ವಿಡ್ ಮೆಚ್ಚಿದರು.’

ಭಾನುವಾರದ ಪ್ರಸಂಗ, ಅಂದರೆ ಉಪದೇಶ, ಮುಗಿಸಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಬೇಕು. ಬರುವ ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಮಂದಿ ಗಾಳಿಯ ಬಗ್ಗೆ, ಗೋಧಿಯ ಬಗ್ಗೆ ಮಾತಾಡಿ ಹೋಗುತ್ತಾರೆ. ಆರ್ವಿಡ್ ಒಬ್ಬರೇ ಕೈಯಲ್ಲಿ ಟೋಪಿ ತಿರುಗಿಸುತ್ತ, “ಬೇರೆ ಥರ ಇತ್ತು, ಪಾಸ್ಟರ್” ಎನ್ನುತ್ತಿದ್ದರು. ಆ ಮಾತನ್ನು ಮನೆಗೆ ಒಯ್ದು ವಾರವಿಡೀ ನೆನೆಯುತ್ತಿದ್ದೆ. ಪಾಸ್ಟರಿಗೆಂದು ಕೊಟ್ಟ ಮನೆಯಲ್ಲಿ ನಾಲ್ಕು ಮಲಗುವ ಕೋಣೆಗಳಿವೆ. ಸದ್ದು ಮಾಡುವುದು ಫ್ರಿಜ್ ಒಂದೇ.

ಚರ್ಚಿನಲ್ಲಿ ಆರ್ಗನ್ ನುಡಿಸುವ ಗುಡ್ರುನ್ ಕಳೆದ ಭಾನುವಾರ ನೆಲಮಾಳಿಗೆಯಲ್ಲಿ ಕಾಫಿ ಬಗ್ಗಿಸುತ್ತಿದ್ದಾಗ ಅವರಿಗೆ ಇದನ್ನು ಹೇಳಿಬಿಟ್ಟೆ. ಅವರು ಕೆಟಲ್ ಕೆಳಗಿಟ್ಟರು.

“ಅಯ್ಯೋ ಪಾಸ್ಟರಮ್ಮ! ಪಟ್ಟಣದೋರಿಗೆ ಯಾರಾದ್ರೂ ಹೇಳಿಕೊಡಬೇಕಿತ್ತು. ಇಲ್ಲಿ ‘ಬೇರೆ ಥರ’ ಅಂದ್ರೆ ಬಾಯಿಗೆ ಹಿಡಿಸ್ಲಿಲ್ಲ ಅಂತ. ನನ್ನ ಮೀನಿನ ಪಾಯಸಕ್ಕೂ ಅವನು ಹಾಗೇ ಅಂದಿದ್ದ.”

“ಮೀನಿನ ಪಾಯಸವೇ?”

“ಬೇರೆ ಥರಾನೇ ಇತ್ತು ಬಿಡಿ.”

ನಕ್ಕೆ. ಮನೆಗೆ ಬಂದು ಆ ಐದು ಸಾಲು ಹೊಡೆದುಹಾಕಿದೆ. ಇನ್ನೊಂದು ಭಾನುವಾರ ನೋಡುವುದು, ಆಗಲಿಲ್ಲವೆಂದರೆ ಬಿಷಪ್ಪರಿಗೆ ಪತ್ರ ಬರೆದು ಹೊರಡುವುದು ಎಂದುಕೊಂಡು ಒಂದು ಒಳ್ಳೆಯ ಹಾಳೆ ತೆಗೆದಿಟ್ಟೆ.

ಈ ವಾರದ ಬೈಬಲ್ ಪಾಠ, ಸತ್ತ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅತ್ತದ್ದು. ಶುಕ್ರವಾರದ ಹೊತ್ತಿಗೆ ಪ್ರಸಂಗ ಎಂಟು ಪುಟವಾಗಿತ್ತು. ಅದರಲ್ಲಿ ಎರಡು ಪುಟ ಅಳುವುದಕ್ಕೆ ಬೈಬಲ್ಲಿನ ಮೂಲ ಗ್ರೀಕಿನಲ್ಲಿರುವ ಪದಗಳ ಬಗ್ಗೆ. ಶನಿವಾರ ಖಾಲಿ ಚರ್ಚಿನಲ್ಲಿ ಓದಿ ನೋಡಿದೆ. ಆ ಮಾತು ನನಗೆ ದೇವಶಾಸ್ತ್ರ ಕಲಿಸಿದ ಗುರುಗಳಿಗೆ ಇಷ್ಟವಾಗುತ್ತಿತ್ತು. ಗುರುಗಳು ಇಲ್ಲಿಂದ ಸಾವಿರ ಮೈಲಿ ದೂರ.

ಕೆಳಗಿಳಿದು ಆರ್ವಿಡ್‌ರ ಬೆಂಚಿನಲ್ಲಿ ಕೂತೆ. ಕಂಬ ಅಡ್ಡ ಬಂದು ಅಲ್ಲಿಂದ ಪ್ರಸಂಗ ಪೀಠ ಅರ್ಧವೇ ಕಾಣುತ್ತದೆ. ಪಕ್ಕದಲ್ಲಿ ನಡುವೆ ಕುಸಿದ ಒಂದು ಹೆಣೆದ ದಿಂಬು, ಮಾರ್ಗಿಟ್ ಎಂದು ಹೆಸರು ಬರೆದ ಹಾಡಿನ ಪುಸ್ತಕ, ಅದರೊಳಗೆ ಪುದೀನಾ ಮಿಠಾಯಿಯ ಕಾಗದ. ಮಾರ್ಗಿಟ್ ಅವರ ಹೆಂಡತಿ. ನಾನು ಬರುವ ಮೊದಲೇ, ಮಾರ್ಚಿನಲ್ಲಿ ತೀರಿಕೊಂಡವರು. ಐದು ವಾರ ಆರ್ವಿಡ್ ಆ ದಿಂಬಿನ ಪಕ್ಕ ಕೂತು ನನ್ನ ಗ್ರೀಕ್ ಕೇಳಿದ್ದರು.

ಅಲ್ಲೇ ತೊಡೆಯ ಮೇಲೆ ಹಾಳೆ ಇಟ್ಟು ಪೆನ್ಸಿಲಿನಲ್ಲಿ ಒಂದೇ ಪುಟ ಬರೆದೆ.

ಭಾನುವಾರ ಹೇಳಿದ್ದು ಇಷ್ಟೇ: ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸಲಿರುವುದು ಗೊತ್ತಿದ್ದೂ ಯೇಸು ಮೊದಲು ಅತ್ತರು, ಆತುರಪಡಲಿಲ್ಲ. ಆರು ನಿಮಿಷದಲ್ಲಿ ಮುಗಿಯಿತು.

ಬಾಗಿಲಲ್ಲಿ ಆರ್ವಿಡ್ ಕೊನೆಯವರಾಗಿ ಬಂದರು. ಜೇಬಿನಿಂದ ನನ್ನ ಪೆನ್ಸಿಲ್ ತೆಗೆದರು.

“ನನ್ನ ಬೆಂಚಲ್ಲಿತ್ತು.”

“ಕ್ಷಮಿಸಿ, ನಿನ್ನೆ ಕೂತಿದ್ದೆ.”

“ಯಾವ ಕಡೆ?”

“ನಿಮ್ಮ ಕಡೆ. ದಿಂಬು ಮುಟ್ಟಲಿಲ್ಲ.”

ಅವರು ಬಹಳ ಹೊತ್ತು ಟೋಪಿ ತಿರುಗಿಸಿದರು.

“ಕಂಬ ಅಡ್ಡ ಬರುತ್ತೆ ಅಲ್ಲಿಂದ,” ಎಂದರು. “ಮುಂದಿನ ಶನಿವಾರ ಅವಳ ಕಡೆ ಕೂತ್ಕೊಳ್ಳಿ.”

ಕಾಫಿಗೆ ನಿಲ್ಲದೆ ಅವರು ಟ್ರಕ್ ಹತ್ತಿ ಹೋದರು. ಪ್ರಸಂಗದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮನೆಯಲ್ಲಿ ಫ್ರಿಜ್ ಗುನುಗುತ್ತಿತ್ತು. ಬಿಷಪ್ಪರಿಗೆಂದು ತೆಗೆದಿಟ್ಟ ಹಾಳೆಯ ಮೇಲೆ ಅದೇ ಪೆನ್ಸಿಲಿನಿಂದ ಮುಂದಿನ ವಾರದ ಪಾಠ ಬರೆದುಕೊಂಡೆ.