ಹೆಬ್ಬೆಟ್ಟು ಮೇಷ್ಟ್ರಿಗೊಂದು ಕುರ್ಚಿ

ನನ್ನ ಭುಜದ ನೋವು ಹೋಗಿ ವರ್ಷವಾಗುತ್ತ ಬಂತು. ಈ ಮಾತನ್ನು ನಾನು ಮನೆಯಲ್ಲಿ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ನಮ್ಮ ಯಜಮಾನರು ಸಂಜೆ ಹೊತ್ತು ಏನು ಮಾಡಬೇಕು, ಪಾಪ?

ಯಜಮಾನರದು ಕಟಿಂಗ್ ಶಾಪು. ರಸ್ತೆಯವರೆಲ್ಲ ಅವರನ್ನು ಹೆಬ್ಬೆಟ್ಟು ಮೇಷ್ಟ್ರು ಅನ್ನುತ್ತಾರೆ. ಸಹಿ ಹಾಕಲು ಬರುವುದಿಲ್ಲ ಅಂತಲ್ಲ. ಸಹಿ ಹಾಕಿದರೆ ಕೆಳಗೆ ಎರಡು ಗೆರೆ ಎಳೆದು ಚುಕ್ಕಿ ಬೇರೆ ಇಡುವ ಜಂಬ ಅವರದು. ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ತಲೆ, ಕತ್ತು, ಭುಜಗಳನ್ನು ಎರಡು ಹೆಬ್ಬೆರಳಲ್ಲಿ ಒತ್ತುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದಕ್ಕೇ ಆ ಹೆಸರು. ಬೋಳುತಲೆಯವರೂ ಕಟಿಂಗಿಗೆ ಬರುತ್ತಾರೆ ಅಂದರೆ ನೀವೇ ಊಹಿಸಿಕೊಳ್ಳಿ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಯಾವುದೋ ಹೋಟೆಲಿನ ದಪ್ಪ ಪರದೆಗಳನ್ನು ಹೊಲಿದೂ ಹೊಲಿದೂ ಬಲಭುಜ ಹಿಡಿದುಕೊಂಡಿತು. ಅವತ್ತಿನಿಂದ ಸಂಜೆ ಅಂಗಡಿ ಮುಚ್ಚಿ ಬಂದು, ಕೈ ತೊಳೆದು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಒತ್ತುವುದು ಅವರ ನೇಮವಾಯಿತು.

ಅಂಗಡಿಯ ಕಾನೂನೇ ಮನೆಯಲ್ಲೂ. ಕತ್ತಿಗೆ ಬಟ್ಟೆ ಕಟ್ಟಿದ ಮೇಲೆ ಕೂತವರು ಬಾಯಿ ತೆರೆಯಕೂಡದು, ಮಾತೆಲ್ಲ ಒತ್ತುವವನದು. ಬ್ಯಾಂಕಿನ ಮ್ಯಾನೇಜರಿನ ವಿಗ್ಗು ಫ್ಯಾನಿನ ಗಾಳಿಗೆ ಹಾರಿದ್ದು, ಮೂಲೆಮನೆಯ ಹಲ್ಲು ಡಾಕ್ಟರು ಹೆಂಡತಿಯ ಗೊರಕೆಗೆ ಹೆದರಿ ಅಡುಗೆಮನೆಯಲ್ಲಿ ಮಲಗುವುದು, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಹೇಳಿದ್ದನ್ನೇ ಹೇಳಿ ತಲೆ ತಿನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲೂ ಬೇಕಾದಷ್ಟು ಸುದ್ದಿ ಇರುತ್ತಿತ್ತು, ಹೇಳುವ ಹಾಗಿಲ್ಲ. ಬಟ್ಟೆ ಕಟ್ಟಿದೆಯಲ್ಲ.

ಪರದೆ ಹೊಲಿಯುವುದನ್ನು ಬಿಟ್ಟೆ, ನೋವು ನನ್ನನ್ನು ಬಿಟ್ಟಿತು. ಅಷ್ಟು ಹೊತ್ತಿಗೆ ಇವರ ಹೆಬ್ಬೆರಳುಗಳು ಕೈಕೊಟ್ಟಿದ್ದವು. ಇವರು ಒಪ್ಪಬೇಕಲ್ಲ! ಡಬ್ಬಿಯ ಮುಚ್ಚಳ ತೆಗೆಯಲಾಗದಿದ್ದರೆ ಡಬ್ಬಿ ಮಾಡಿದವನಿಗೆ ಬೈಗುಳ. ಅಂಗಿಯ ಗುಂಡಿ ಹಾಕಲಾಗದಿದ್ದರೆ ನಾನು ತೂತು ಚಿಕ್ಕದು ಮಾಡಿದೆ ಅಂತ ಬೈಗುಳ. ಒಂದು ಸಂಜೆ ಭುಜಕ್ಕೆ ಏನೋ ತಣ್ಣಗೆ ತಗುಲಿತು. ಎದುರಿನ ಬೀರುವಿನ ಕನ್ನಡಿಯಲ್ಲಿ ಓರೆಗಣ್ಣಿನಿಂದ ನೋಡಿದೆ. ಗಿರಾಕಿಗಳ ಕತ್ತಿನ ಕೂದಲು ಒರೆಸುವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು, ಅದರ ಮರದ ಹಿಡಿಯಿಂದ ನನ್ನನ್ನು ಒತ್ತುತ್ತಿದ್ದರು.

"ಹೆಂಗಿದೆ?" ಅಂದರು.

"ಆಹಾ," ಅಂದೆ.

ಹೀಗೆ ನೋವಿಲ್ಲದ ಭುಜವನ್ನು ನೋವಿರುವ ಕೈ ದಿನಾ ಒತ್ತುತ್ತಿತ್ತು. ನಮ್ಮನೆ ಪೂರ್ತಿ ಹುಚ್ಚರ ಸಂತೆಯಾಗಿ ಹೋಯಿತು. ಸಾಕು ಬಿಡಿ ಅನ್ನೋಣವೆಂದರೆ, ಹೆಬ್ಬೆಟ್ಟು ಮೇಷ್ಟ್ರ ಕೈ ಕಟ್ಟಿಕೊಂಡ ಹೆಂಡತಿಗೇ ಬೇಡವಾಯಿತು ಅಂತ ಆ ಮನುಷ್ಯ ಕೊರಗಿ ಕೊರಗಿ ಅರ್ಧವಾಗುತ್ತಾರೆ. ಸುಮ್ಮನಿದ್ದರೆ ಇರುವ ಕೈಯೂ ಹಾಳಾಗುತ್ತದೆ. ಮರ್ಯಾದೆ ಕಳೆಯದೆ ಆ ಕೈಗೆ ರಜೆ ಕೊಡಿಸಬೇಕಿತ್ತು. ಯೋಚಿಸಿ ಯೋಚಿಸಿ ಕೊನೆಗೆ ಹೊಳೆದದ್ದು ಮಸಾಜ್ ಕುರ್ಚಿ.

"ರೀ, ಒಂದು ಮಸಾಜ್ ಚೇರ್ ತಗೊಳ್ಳೋಣ."

"ಯಾಕೆ, ನಾನು ಸತ್ತಿದೀನಾ?"

"ಥೂ, ಬಿಡ್ತು ಅನ್ನಿ. ಹಗಲೆಲ್ಲ ನೋಯುತ್ತೆ ಕಣ್ರೀ, ಆಗ ನೀವು ಅಂಗಡೀಲಿ ಇರ್ತೀರ. ನಿಮ್ಮ ಅಂಗಡಿಗೇ ಬಂದು ಗಡ್ಡದವರ ಸಾಲಲ್ಲಿ ಕೂತ್ಕೊಳ್ಲಾ?"

ಗೊಣಗುತ್ತ ಒಪ್ಪಿದರು. ಆದರೆ ಕುರ್ಚಿಯನ್ನು ಆರಿಸುವವರು ತಾವೇ ಎಂದು ಷರತ್ತು ಹಾಕಿದರು.

ಮೊದಲು ನಾದಿನಿಯ ಮನೆಗೆ ಹೋದೆವು. ಅವಳ ಮನೆಯಲ್ಲಿ ಅಂಥದ್ದೊಂದು ಇತ್ತು. ಎಲ್ಲಿದೆ ಎಂದು ಹುಡುಕಬೇಕಾಯಿತು, ಯಾಕೆಂದರೆ ಅದರ ಮೇಲೆ ಮನೆಮಂದಿಯ ಒದ್ದೆ ಟವೆಲ್ಲುಗಳೆಲ್ಲ ಒಣಗುತ್ತಿದ್ದವು. "ತುಂಬಾ ಉಪಯೋಗಕ್ಕೆ ಬರುತ್ತೆ ಅಣ್ಣ," ಎಂದು ಅವಳು ಒಂದೊಂದೇ ಟವೆಲ್ ತೆಗೆದಳು. "ಆದ್ರೆ ಅತ್ತಿಗೆ, ಅಗಲ ನೋಡ್ಕೊಂಡು ತಗೊಳ್ಳಿ. ನಮ್ಮದು ಬಾಗಿಲಲ್ಲಿ ತೂರ್ಲೇ ಇಲ್ಲ. ಬಾಗಿಲನ್ನೇ ಕಿತ್ರು." ನೋಡಿದರೆ ಇವತ್ತಿಗೂ ಆ ಕೋಣೆಗೆ ಬಾಗಿಲಿಲ್ಲ. ನಾನು ಮನೆಗೆ ಬಂದ ತಕ್ಷಣ ಹೊಲಿಗೆಯ ಟೇಪಿನಿಂದ ನಮ್ಮ ಬಾಗಿಲನ್ನು ಅಳೆದು, ಆ ಅಳತೆಗೆ ಸರಿಯಾಗಿ ಟೇಪಿಗೊಂದು ಸೂಜಿ ಚುಚ್ಚಿಟ್ಟುಕೊಂಡೆ.

ಶೋರೂಮಿನಲ್ಲಿ ಕುರ್ಚಿಗಳು ಸಾಲಾಗಿ ಬಾಯಿ ತೆರೆದುಕೊಂಡು ನಿಂತಿದ್ದವು. ಅಲ್ಲಿದ್ದ ಸೇಲ್ಸ್ ಹುಡುಗಿ ಒಳ್ಳೆಯವಳು. "ಸರ್, ನೀವೇ ಮೊದಲು ಕೂತು ನೋಡಿ," ಅಂದಳು.

"ನಾನು ಕೂರೋನಲ್ಲಮ್ಮ, ನಿಲ್ಲೋನು," ಅಂದರು ಯಜಮಾನರು.

ಅದು ನಿಜವೇ. ತಮ್ಮ ಕೂದಲನ್ನೂ ಎರಡು ಕನ್ನಡಿ ಇಟ್ಟುಕೊಂಡು ನಿಂತೇ ಕತ್ತರಿಸಿಕೊಳ್ಳುತ್ತಾರೆ. ಬೇರೆಯವರ ಕೈಗೆ ತಲೆ ಕೊಟ್ಟವರಲ್ಲ. ಅಲ್ಲೂ ನಾನು ಕೂತ ಕುರ್ಚಿಯ ಹಿಂದೆ ಹೋಗಿ ನಿಂತರು. ಅವರ ಬಲಗಾಲು ಅಭ್ಯಾಸಬಲದಿಂದ ಕುರ್ಚಿಯ ಕೆಳಗೆ ಪೆಡಲ್ ಹುಡುಕತೊಡಗಿತು. ಅಂಗಡಿಯಲ್ಲಿ ಅದನ್ನು ತುಳಿದೇ ಅಲ್ಲವೇ ಗಿರಾಕಿಯನ್ನು ಮೇಲೆತ್ತುವುದು!

ಮೊದಲನೆಯದು ಭಾರಿ ದೊಡ್ಡದು. ಹಾಡು ಹೇಳುತ್ತಿತ್ತು, ತಲೆಯ ಮೇಲೆ ನಕ್ಷತ್ರ ಮಿನುಗಿಸುತ್ತಿತ್ತು. ಒತ್ತು ಅಂದರೆ ಮಾತ್ರ ಬೆನ್ನುಮೂಳೆಯ ಮೇಲೇ ಗುದ್ದುತ್ತಿತ್ತು. "ಮೂಳೆ ಯಾವ್ದು ಮಾಂಸ ಯಾವ್ದು ಅಂತ ಗೊತ್ತಿಲ್ಲದೋನಿಗೆ ನಕ್ಷತ್ರ ಯಾಕೆ?" ಎಂದು ಇವರು ಮೂಗು ಮುರಿದರು. ನಾನು ಟೇಪು ಹಿಡಿದು ನೋಡಿದೆ. ಅದನ್ನು ಮನೆಗೆ ತರಬೇಕಾದರೆ ಬಾಗಿಲಿನ ಜೊತೆ ಗೋಡೆಯನ್ನೂ ಕೀಳಬೇಕು. ಎರಡನೆಯದು ಬಾಗಿಲಿಗೆ ಸರಿಯಾಗಿತ್ತು, ಆದರೆ ಬಲವೇ ಇಲ್ಲ. ಬೆನ್ನಿನ ಮೇಲೆ ಏನೋ ಸುಮ್ಮನೆ ಓಡಾಡಿದ ಹಾಗಾಯಿತು. ಇವರು ಹಿಂದಿನಿಂದ ಅಂಗೈ ಇಟ್ಟು ನೋಡಿ, "ಇದು ಒತ್ತುತ್ತಾ ಇದೆಯಾ, ಕ್ಷಮೆ ಕೇಳ್ತಾ ಇದೆಯಾ?" ಅಂದರು. ಹುಡುಗಿ ನಗು ತಡೆಯಲಾಗದೆ ಆ ಕಡೆ ತಿರುಗಿದಳು.

ಮೂರನೆಯದರಲ್ಲಿ ಕೂತೆ ನೋಡಿ. ಕತ್ತಿನಿಂದ ಸೊಂಟದವರೆಗೆ ಒಳಗಿನ ಉರುಳೆಗಳು ನಿಧಾನವಾಗಿ ಇಳಿದವು. ಮೀನಖಂಡಗಳನ್ನು ಗಾಳಿಚೀಲಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದವು. ಕೈಗಳನ್ನು ತೂರಿಸಲು ಅಕ್ಕಪಕ್ಕ ಗೂಡುಗಳಿದ್ದವು, ಅವು ಬೆರಳುಗಳನ್ನು ಬೆಚ್ಚಗೆ ಹಿಸುಕುತ್ತಿದ್ದವು. ಆ ಗೂಡು ನೋಡಿದ ಕೂಡಲೇ ನನ್ನ ಮನಸ್ಸು ಇದೇ ಅಂದಿತು. ಅಗಲವೂ ಸೂಜಿಯಿಂದ ಒಂದು ಬೆರಳು ಕಡಿಮೆ. ಕುರ್ಚಿ ಹಿಂದಕ್ಕೆ ವಾಲಿತು. ಸುಖ ಅಂದರೆ ಸುಖ! ನನಗೇ ತಿಳಿಯದೆ ನಿದ್ದೆ ಬಂದುಬಿಟ್ಟಿತು. ಗೊರಕೆಯನ್ನೂ ಹೊಡೆದೆನಂತೆ, ಹುಡುಗಿ ಆಮೇಲೆ ಹೇಳಿದಳು.

ಯಜಮಾನರ ಧ್ವನಿಗೆ ಎಚ್ಚರವಾಯಿತು. "ಇಷ್ಟು ವರ್ಷ ಒತ್ತಿದೀನಿ, ಒಂದ್ಸಲನಾದ್ರೂ ಹಿಂಗೆ ಮಲಗಿದ್ಯಾ?"

"ನೀವು ಬಾಯಿ ಮುಚ್ಚಿದ್ರೆ ತಾನೇ!"

ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು. ಮುಖ ಸಣ್ಣದಾಯಿತು ಅವರದು. ಕಾಲು ಮಾತ್ರ ಪೆಡಲ್ ಹುಡುಕುವುದನ್ನು ಬಿಟ್ಟಿರಲಿಲ್ಲ, ಈಗ ಸಿಟ್ಟಿನಿಂದ ಹುಡುಕುತ್ತಿತ್ತು. ಏನೋ ಸಿಕ್ಕಿತು, ತುಳಿದರು. ಅದು ಕರೆಂಟಿನ ಸ್ವಿಚ್ಚು.

ಕುರ್ಚಿ ಇದ್ದ ಹಾಗೇ ನಿಂತುಹೋಯಿತು. ನನ್ನ ತಲೆ ಕೆಳಗೆ, ಕಾಲು ಮೇಲೆ, ಎರಡೂ ಮೀನಖಂಡಗಳು ಗಾಳಿಚೀಲಗಳ ಬಿಗಿಮುಷ್ಟಿಯಲ್ಲಿ. ಅಯ್ಯೋ ಎಂದು ಕಿರುಚಿದೆ. "ಅಲ್ಲಾಡ್ಬೇಡಿ ಮೇಡಂ, ಗಾಳಿ ತಾನಾಗೇ ಇಳಿಯುತ್ತೆ," ಎಂದು ಹುಡುಗಿ ಓಡಿಬಂದಳು. ಇವರು ಕೇಳಬೇಕಲ್ಲ. ಗಾಬರಿಯಲ್ಲಿ ಮುಂದೆ ಧಾವಿಸಿ, ಎರಡು ಹೆಬ್ಬೆರಳನ್ನೂ ಚೀಲದ ಸಂದಿಗೆ ತುರುಕಿ ಎಳೆದರು. ಮರುಕ್ಷಣ "ಅಮ್ಮಾ" ಎಂದು ಕೂಗಿ, ಕೈಗಳನ್ನು ಕಂಕುಳಲ್ಲಿ ಅವಚಿಕೊಂಡು ನೆಲದ ಮೇಲೆ ಕುಸಿದರು.

"ಸರ್! ಕೈಗೇನಾಯ್ತು?"

ಅವರ ಕಣ್ಣಲ್ಲಿ ನೀರಾಡುತ್ತಿತ್ತು. ನನ್ನ ಕಡೆ ನೋಡಿದರು, ನಾನು ತಲೆಕೆಳಗಾಗಿ ಅವರ ಕಡೆ ನೋಡಿದೆ.

"ನಿಮ್ಮ ಕುರ್ಚಿ ಕಚ್ತು," ಅಂದರು.

"ಹೌದಮ್ಮ, ನಾನೂ ನೋಡ್ದೆ," ಅಂದೆ ನಾನು. "ಕಚ್ಚೇ ಬಿಡ್ತು."

ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಪಾಪ, ಕಚ್ಚುವ ಕುರ್ಚಿಯ ಬಗ್ಗೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಚೀಲಗಳ ಗಾಳಿ ಬುಸ್ಸೆಂದು ಇಳಿದು ನನ್ನ ಕಾಲುಗಳು ಬಿಡುಗಡೆಯಾದವು. ಯಜಮಾನರು ಎದ್ದು, ಪ್ಯಾಂಟಿನ ಧೂಳು ಕೊಡವಿ, ಆ ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದೇ ಇರ್ಲಿ," ಅಂದರು. "ಹಿಡಿತ ಇದೆ."

ಕುರ್ಚಿ ಬಂತು, ಬಾಗಿಲಲ್ಲಿ ನುಸುಳಿಕೊಂಡು ಒಳಗೆ ಕೂತಿತು. ಮೊದಲ ಸಂಜೆ ಯಜಮಾನರು ಅಂಗಡಿ ಮುಚ್ಚಿ ಬಂದು, ಎಂದಿನಂತೆ ಕೈ ತೊಳೆದು, ಕುರ್ಚಿಯ ಹಿಂದೆ ನಿಂತರು. ನಾನು ಕೂತೆ, ಅದು ಒತ್ತಿತು. ಅವರು ವಿಗ್ಗಿನ ಕಥೆ ಶುರುಮಾಡಿದರು, ಅರ್ಧಕ್ಕೇ ನಿಲ್ಲಿಸಿದರು. ಕೈಗೆ ಕೆಲಸವಿಲ್ಲದೆ ಮಾತೂ ಬರುತ್ತಿರಲಿಲ್ಲ. ಜೇಬಿನಿಂದ ಬ್ರಷ್ಷು ತೆಗೆದು ಹೊಸ ಕುರ್ಚಿಯ ಇಲ್ಲದ ಧೂಳನ್ನು ಒರೆಸುತ್ತ ನಿಂತರು. ನಾನು ಕುರ್ಚಿ ನಿಲ್ಲಿಸಿ ಎದ್ದೆ.

"ಬನ್ನಿ, ಕೂತ್ಕೊಳ್ಳಿ."

"ನಾನು ಕೂರೋನಲ್ಲ ಅಂತ..."

"ಕೂತ್ಕೊಳ್ಳಿ ಅಂದೆ."

ಹೆಗಲು ಹಿಡಿದು ಕೂರಿಸಿದೆ. ಬಾಯಿ ತೆರೆಯುವ ಮೊದಲೇ ಅವರದೇ ಬಿಳಿ ಬಟ್ಟೆಯನ್ನು ಕತ್ತಿಗೆ ಬಿಗಿದೆ. ಕಾನೂನು ಮಾಡಿದವರೇ ಅವರು, ಬಾಯಿ ಮುಚ್ಚಿತು. ಬಟ್ಟೆಯ ಕೆಳಗೆ ಕೈ ಹಾಕಿ, ಒಂದೊಂದಾಗಿ ಅವರ ಕೈಗಳನ್ನು ಗೂಡಿಗೆ ತೂರಿಸಿ ಗುಂಡಿ ಒತ್ತಿದೆ. ಬೆಚ್ಚಗಿನ ಚೀಲಗಳು ಹೆಬ್ಬೆರಳುಗಳನ್ನು ಹಿಡಿದುಕೊಂಡವು. ಮೊದಲು ಹಲ್ಲು ಕಚ್ಚಿದರು. ಸ್ವಲ್ಪ ಹೊತ್ತಿಗೆ ಕತ್ತು ಹಿಂದಕ್ಕೆ ಒರಗಿತು. ಇಷ್ಟು ವರ್ಷದಲ್ಲಿ ಆ ತಲೆ ಒರಗಿದ್ದನ್ನು ನಾನು ನೋಡಿರಲಿಲ್ಲ.

"ಗೊತ್ತಿತ್ತಾ ನಿಂಗೆ?" ಅಂದರು ಕಣ್ಣು ಮುಚ್ಚಿಕೊಂಡೇ.

"ಬ್ರಷ್ಷಿನ ಹಿಡಿ ತಣ್ಣಗಿರುತ್ತೆ ರೀ. ನಿಮ್ಮ ಕೈ ಯಾವತ್ತೂ ತಣ್ಣಗಿರ್ಲಿಲ್ಲ."

"ಮತ್ತೆ ದಿನಾ ಆಹಾ ಅಂತಿದ್ದೆ?"

"ನೀವು ದಿನಾ ಕೇಳ್ತಿದ್ರಿ."

ಅವರು ಕಣ್ಣು ತೆರೆದರು. ಆಮೇಲೆ, "ನಿನ್ನ ಭುಜದ ಗಂಟು ಕರಗಿ ವರ್ಷ ಆಯ್ತು," ಅಂದರು. "ಮುಟ್ಟಿದೋನಿಗೆ ತಿಳಿಯಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಒತ್ತಿದ್ರಾ? ಕೈ ಹಾಳು ಮಾಡ್ಕೊಂಡು? ನಿಮಗೇನು ತಲೆ ಕೆಟ್ಟಿತ್ತಾ?"

"ಬಿಟ್ಬಿಟ್ರೆ ನೀನು ಸಂಜೆನೂ ಮಿಷನ್ ಮುಂದೆ ಕೂತ್ಬಿಡ್ತಿದ್ದೆ," ಅಂದರು. "ನಿನ್ನ ಹತ್ರ ಮಾತಾಡೋಕೆ ನಂಗೆ ಬೇರೆ ನೆಪ ಗೊತ್ತಿರ್ಲಿಲ್ಲ ಕಣೆ."

ಮೂಲೆಗೆ ತಳ್ಳಿದ್ದ ಸ್ಟೂಲನ್ನು ಎಳೆದುಕೊಂಡು ಬಂದು ಅವರ ಹಿಂದೆ ಕೂತೆ. ಮೂಗು ಒರೆಸಿಕೊಂಡೆ.

"ಈಗ ಬಾಯಿ ಮುಚ್ಕೊಂಡು ಕೇಳಿ," ಅಂದೆ. "ಹಲ್ಲು ಡಾಕ್ಟರ ಹೆಂಡ್ತಿ ಮೊನ್ನೆ ಅಳತೆ ಕೊಡೋಕೆ ಬಂದಿದ್ಳು. ಗೊರಕೆ ಹೊಡೆಯೋದು ಅವಳಲ್ವಂತೆ ರೀ, ಅವನೇ ಅಂತೆ. ಅಡುಗೆಮನೆಗೆ ಅಟ್ಟಿರೋದು ಅವಳು."

"ಹೌದಾ?" ಎಂದು ಯಜಮಾನರು ಬಟ್ಟೆ ಕಟ್ಟಿಸಿಕೊಂಡೇ ಮತ್ತೆ ಕಾನೂನು ಮುರಿದರು. "ಮತ್ತೆ ನಂಗ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

ಕುರ್ಚಿಯ ಸಮಯ ಮುಗಿದು ಅದು ನಿಂತಿತು. ನಾನು ಮತ್ತೊಮ್ಮೆ ಗುಂಡಿ ಒತ್ತಿ ಕಥೆ ಮುಂದುವರಿಸಿದೆ.