ಮೂಸಾನ ಭಾನುವಾರದ ಫೋನು

ಡೊಳ್ಳು ಬಾರಿಸಿದವನಲ್ಲ ನಾನು, ಪರದೇಶ ಕಂಡವನೂ ಅಲ್ಲ. ಅಲ್ಲಿದ್ದವರು ಹೇಳಿದ್ದನ್ನು ಜೋಡಿಸಿ ಬರೆಯುವ ಧೈರ್ಯ ಮಾಡಿದ್ದೇನೆ. ತಪ್ಪಿದ್ದರೆ ಚಿಕ್ಕಬೀರಪ್ಪನ ಮನೆಯವರು ಮನ್ನಿಸಬೇಕು.

ಚಿಕ್ಕಬೀರಪ್ಪನ ಹೆಣಕ್ಕೆ ಕೆಂಪು ಪೇಟದ ಕೊನೆಯ ಸುತ್ತು ಹಾಕುತ್ತಿರುವಾಗ ಅವನದೇ ಫೋನು ಬಡಿದುಕೊಳ್ಳತೊಡಗಿತು. ಅಕ್ಕನ ಮಗ ಮಾಳೇಶ ಒಂದು ಕೈಯಲ್ಲಿ ಪೇಟದ ಚುಂಗು ಹಿಡಿದುಕೊಂಡೇ ಗೂಡಿನಲ್ಲಿದ್ದ ಫೋನು ತೆಗೆದು ನೋಡಿದ.

"ಮೂಸಾ, ಅತ್ತಿ. ಇವತ್ತು ಭಾನುವಾರ ಅಲ್ಲೇನು. ಕಟ್ ಮಾಡ್ಲಾ?"

ಅತ್ತು ದನಿ ಕಳೆದುಕೊಂಡಿದ್ದ ಹೆಂಡತಿ ಸುಂಕಲಮ್ಮ ತಲೆಯೆತ್ತಿದಳು. ಪಕ್ಕದ ಮನೆಯ ಲೋಕಮ್ಮ ಮೆಲ್ಲಗೆ ಕೇಳಿದಳು, "ಸವತಿ ಸವತಿ ಅಂತಿದ್ದೆಲ್ಲವ್ವ, ಆ ಆಫ್ರಿಕಾದೋನಾ?"

"ಅವನೇ ಕಣವ್ವ. ವಾರಕ್ಕೊಂದಿನ ನನ್ನ ಗಂಡ ನನಗ ಸಿಗ್ತಿದ್ದಿಲ್ಲ."

ಫೋನು ತಾನಾಗಿಯೇ ನಿಂತಿತು.

* * *

ಕೆಲವು ವರ್ಷಗಳ ಹಿಂದೆ ಚಿಕ್ಕಬೀರಪ್ಪನಿದ್ದ ಆನವಟ್ಟಿ ಕಡೆಯ ಡೊಳ್ಳಿನ ತಂಡ ಫ್ರಾನ್ಸಿನ ಜಾನಪದ ಮೇಳಕ್ಕೆ ಹೋಗಿತ್ತು. ಅಲ್ಲಿನ ಮಳೆಗೆ ಚರ್ಮವೆಲ್ಲ ಸಡಿಲಾಗಿ ಡೊಳ್ಳು ದನಿ ಬಿಡಲಿಲ್ಲ. ಊರಲ್ಲಾದರೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಬಹುದಿತ್ತು. ಅಲ್ಲಿ ಬೀಡಿ ಹಚ್ಚುವುದಕ್ಕೂ ಬಿಡುತ್ತಿರಲಿಲ್ಲ. ಚಿಕ್ಕಬೀರಪ್ಪ ಡೊಳ್ಳನ್ನು ತಬ್ಬಿಕೊಂಡು ಕೂತಿದ್ದಾಗ ಸೆನೆಗಲ್ ದೇಶದ ಡೋಲಿನವನು, ಮೂಸಾ, ತನ್ನ ತಂಡದ ಹೆಂಗಸರು ಕೂದಲು ಒಣಗಿಸುವ ಯಂತ್ರ ಹಿಡಿದು ಬಂದ.

ಇಬ್ಬರೂ ಬಚ್ಚಲ ನೆಲದಲ್ಲಿ ಕೂತು ಚರ್ಮಕ್ಕೆ ಬಿಸಿಗಾಳಿ ಬಿಟ್ಟರು. ಕಾದಿದೆಯೋ ಇಲ್ಲವೋ ಎಂದು ಮೂಸಾ ಬೆರಳಲ್ಲಿ ಬಡಿದು ನೋಡಿ, ತಾಳವನ್ನು ಅರ್ಧಕ್ಕೇ ಬಿಟ್ಟ. ಉಳಿದರ್ಧವನ್ನು ಚಿಕ್ಕಬೀರಪ್ಪ ಮುಗಿಸಿದ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಆಮೇಲೆ ಪ್ರತಿ ಭಾನುವಾರ ವಿಡಿಯೊ ಕಾಲ್‌ನಲ್ಲಿ ನಡೆದದ್ದು ಇದೇ ಆಟ.

ಅಲ್ಲೇ ಗೆಳೆಯನಾದ ಹಂಗೇರಿಯ ಕೊಳಲಿನವನೂ ಕೆಲಕಾಲ ಫೋನು ಮಾಡುತ್ತಿದ್ದ. ಆಮೇಲೆ ನಿಲ್ಲಿಸಿದ. ಚಿಕ್ಕಬೀರಪ್ಪ ತಿಂಗಳುಗಟ್ಟಲೆ ಆ ನಂಬರು ಒತ್ತಿ ನೋಡುತ್ತಿದ್ದ. "ಅದಾನೋ ಇಲ್ಲೋ ಅಂತಾದ್ರೂ ಯಾರರ ಹೇಳಬಾರ್ದಾ?" ಎನ್ನುತ್ತಿದ್ದ.

* * *

ಫೋನು ಮತ್ತೆ ಬಡಿದುಕೊಂಡಿತು.

"ಹಚ್ಚು ಮಾಳೇಶ. ಅವನಿಗೆ ತಿಳೀಬೇಕು," ಎಂದಳು ಸುಂಕಲಮ್ಮ. "ಕೊಳಲಿನವನಿಗೆ ಇವ್ರು ಕಾದಂಗ ಅವನು ಇವ್ರಿಗೆ ಕಾಯಬಾರದು."

"ಹೆಂಗ ತಿಳಿಸ್ಲಿ? ಬರೆದು ಹಾಕಿದ್ರ ಓದಾಕ ಬರಂಗಿಲ್ಲ ಅವನಿಗೆ, ಥೇಟ್ ನಮ್ಮ ಮಾವನಂಗ."

"ಅವ್ರನ್ನ ತೋರ್ಸು."

ಮಾಳೇಶ ಫೋನನ್ನು ಗೋಡೆಯ ಕಡೆ ತಿರುಗಿಸಿದ. ನಮ್ಮ ಕಡೆಯ ಪದ್ಧತಿಯಂತೆ ಚಿಕ್ಕಬೀರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ಪೇಟ, ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಫ್ರಾನ್ಸಿನಲ್ಲಿ ಅವನು ರಂಗಕ್ಕೆ ಹತ್ತುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ.

ಮೂಸಾ ನೋಡಿದ. ಬಾಯಿತುಂಬ ನಕ್ಕ. ಡೋಲನ್ನು ತೊಡೆಯ ನಡುವೆ ಎಳೆದುಕೊಂಡು ಬಾರಿಸಲು ಶುರುಮಾಡಿದ.

ಅಳುತ್ತಿದ್ದವರೆಲ್ಲ ಫೋನಿನ ಕಡೆ ತಿರುಗಿದರು.

"ಹೆಣದ ಮುಂದ ಇದೇನಪ್ಪ!" ಎಂದ ಚಿಕ್ಕಬೀರಪ್ಪನ ಅಣ್ಣ ಉಚ್ಚಂಗಪ್ಪ. "ಕುಣಿತಕ್ಕ ಹೊಂಟಾನ ಅನ್ಕೊಂಡಾನೇನು?"

ಮೂಸಾ ಅರ್ಧಕ್ಕೆ ನಿಲ್ಲಿಸಿ, ಕಿವಿ ಮುಂದೆ ಮಾಡಿ ಕಾದ. ಉತ್ತರ ಬರಲಿಲ್ಲ. ಹುಬ್ಬು ಹಾರಿಸಿ ಅದನ್ನೇ ಇನ್ನೊಮ್ಮೆ ಬಾರಿಸಿದ.

ಮಾಳೇಶನಿಗೆ ತಡೆಯಲಾಗಲಿಲ್ಲ. "ದೊಡ್ಡ ಮಾವ, ಡೊಳ್ಳು ತರ್ಲಾ? ಒಂದೀಟು ಮುಗಿಸಿಕೊಡ್ತೀನಿ."

"ಸೂತಕದಾಗ ಬೀರಪ್ಪ ದೇವರ ಡೊಳ್ಳು ಮುಟ್ಟತೀಯಾ? ಬುದ್ಧಿ ಐತೇನು ನಿನಗ?"

"ಮುಟ್ಟಂಗಿದ್ರೂ ಬ್ಯಾಡ," ಎಂದಳು ಸುಂಕಲಮ್ಮ. "ನೀ ಬಾರಿಸಿದ್ರ ಇವ್ರೇ ಬಾರಿಸಿದ್ರು ಅನ್ಕೊಂತಾನ. ಬರೋ ಭಾನುವಾರ ಮತ್ತ ಕಾಯ್ತಾನ."

ಅವಳೇ ಎದ್ದು ಫೋನು ಇಸಿದುಕೊಂಡಳು. ಗಂಡನ ಮುಖದ ಹತ್ತಿರಕ್ಕೆ ಒಯ್ದಳು. ಮುಚ್ಚಿದ ಕಣ್ಣು ತೋರಿಸಿದಳು. ಮೂಗಿಗಿಟ್ಟ ಹತ್ತಿ ತೋರಿಸಿದಳು. ಆಮೇಲೆ ತನ್ನ ಕಡೆ ತಿರುಗಿಸಿಕೊಂಡು, "ಹೋದ್ರಪ್ಪ ನಿನ್ನ ಗೆಳೆಯ," ಎಂದು ಕನ್ನಡದಲ್ಲೇ ಹೇಳಿದಳು.

ಮೂಸಾನ ಎರಡೂ ಕೈ ಡೋಲಿನ ಮೇಲೆ ಹಾಗೇ ನಿಂತವು. ಆಮೇಲೆ ಎದ್ದು, ಡೋಲನ್ನು ಎತ್ತಿ, ಚರ್ಮ ಕೆಳಗಾಗುವಂತೆ ನೆಲಕ್ಕೆ ಬೋರಲು ಹಾಕಿದ.

"ಹೊತ್ತಾತು, ಎತ್ರಪ್ಪ," ಎಂದ ಉಚ್ಚಂಗಪ್ಪ.

ಫೋನು ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಮಾಳೇಶ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊಲದವರೆಗೆ ನಡೆದ. ಮಣ್ಣು ಹಾಕುವಾಗ ಸುಂಕಲಮ್ಮ ಪಕ್ಕಕ್ಕೆ ಬಂದು ಇಣುಕಿದಳು.

"ಗೊತ್ತಾತೇನೋ ಅವನಿಗೆ?"

"ನೀನೇ ನೋಡು ಅತ್ತಿ."

ಮೂಸಾ ಬೋರಲು ಡೋಲಿನ ಪಕ್ಕ ನೆಲದಲ್ಲಿ ಕೂತಿದ್ದ. ಅವನ ಅಂಗಳಕ್ಕೆ ಜನ ಒಬ್ಬೊಬ್ಬರಾಗಿ ಬರುತ್ತಿದ್ದರು. ಒಬ್ಬ ಮುದುಕಿ, ಇಬ್ಬರು ಗಂಡಸರು, ಕೂಸು ಎತ್ತಿಕೊಂಡ ಹೆಂಗಸು. ಬಂದವರೆಲ್ಲ ಬಗ್ಗಿ, ಆ ಡೋಲಿನ ಮೇಲೆ ಅಂಗೈ ಇಟ್ಟು, ಸುಮ್ಮನೆ ಸರಿದು ನಿಲ್ಲುತ್ತಿದ್ದರು. ಮುದುಕಿ ಮಾತ್ರ ಇಟ್ಟ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು.

ಅವರಲ್ಲಿ ಸಾವಿಗೆ ಹಾಗೆ ಮಾಡುತ್ತಾರೋ, ಬೇರೆ ಯಾವುದಕ್ಕೋ, ನನಗೆ ಗೊತ್ತಿಲ್ಲ.