ಮನೆಯವರೆಲ್ಲ ಒಪ್ಪಿದ ಎಂಜಿನ್

ನನಗೆ ಅರವತ್ತು ತುಂಬಿದ ದಿನ ನನ್ನ ಕಾರಿನ ಎಂಜಿನ್ ನಮ್ಮ ಮನೆಯ ಹಾಲ್‌ನಲ್ಲಿ ಕೂತಿತ್ತು. ಅದನ್ನು ಉಜ್ಜಿ ತೊಳೆದು, ಬೆಳ್ಳಿ ಬಣ್ಣ ಹೊಡೆದು, ಕೆಳಗೆ ಕಾಲು, ಮೇಲೊಂದು ದಪ್ಪ ಗಾಜು ಕೂರಿಸಿ ಟೀಪಾಯಿ ಮಾಡಿದ್ದರು. ನನ್ನ ನಾದಿನಿ ಅದರ ಮೇಲೆ ಕಾಫಿ ಲೋಟ ಇಟ್ಟು, "ಎಷ್ಟು ಚೆನ್ನಾಗಿದೆ ಅಲ್ವಾ ಅತ್ತಿಗೆ! ಭೈರೇಶನ ತಲೆ ನೋಡಿ!" ಎಂದಳು. ಭೈರೇಶ ನನ್ನ ಒಬ್ಬನೇ ಮಗ. ಅವನ ತಲೆಯನ್ನು ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಅನ್ನಿಸಿತು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಕಾರು ಹೊರಗೆ ಗೇಟಿನ ಮುಂದೆ ಹಾರ ಹಾಕಿಕೊಂಡು ನಿಂತಿತ್ತು. ಎರಡೇ ಸೀಟಿನ, ಟಾಪ್ ಮಡಚಿ ಹಿಂದಕ್ಕೆ ಹಾಕುವ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಭೈರೇಶ ನೆಂಟರನ್ನೆಲ್ಲ ಕರೆದು ಬಾನೆಟ್ ಎತ್ತಿದ. ಒಳಗೆ ಪಳಪಳ ಹೊಳೆಯುವ ಟರ್ಬೊ ಎಂಜಿನ್. ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಯಾವುದೋ ಹೊಸ ಕಾರಿನಿಂದ ತೆಗೆದದ್ದಂತೆ.

"ಹೊಗೆ ಹೊರಗೆ ಹೋಗೋ ರಭಸದಲ್ಲೇ ಒಂದು ಫ್ಯಾನ್ ತಿರುಗುತ್ತೆ. ಅದು ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುತ್ತೆ. ಮೊದ್ಲಿಗಿಂತ ಎರಡರಷ್ಟು ಪವರ್!" ಎಂದು ವಿವರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. "ಪಾಪ, ಖುಷಿಗೆ ಮಾತೇ ಹೊರಡ್ತಿಲ್ಲ," ಎಂದು ನನ್ನ ಯಜಮಾನರು ಕಾಂತರಾಜು ಎಲ್ಲರಿಗೂ ಹೇಳಿದರು.

ಆ ಕಾರು ನನ್ನದು. ಮನೆಯದಲ್ಲ, ನನ್ನದು. ನನ್ನ ತಂದೆ ಬೆಟ್ಟಯ್ಯನವರು ಬೆಂಗಳೂರಿನ ಅಂಚಿನ ಉಲ್ಲಾಳದ ರೈತರು, ಬಿನ್ನಿಪೇಟೆಯ ಗಿರಣಿಯಲ್ಲಿ ಮೇಸ್ತ್ರಿಯೂ ಆಗಿದ್ದರು. ಗಿರಣಿಯ ಅಧಿಕಾರಿಯೊಬ್ಬರು ಊರು ಬಿಡುವಾಗ ಯಾರಿಗೂ ಬೇಡವಾಗಿದ್ದ ಈ ಕಾರನ್ನು ಅಪ್ಪ ಕೊಂಡು ತಂದರು. ಒಂದು ಮೂಟೆ ಹಾಕಲು ಜಾಗವಿಲ್ಲ, ಹೆಂಡತಿ ಮಕ್ಕಳು ಒಟ್ಟಿಗೆ ಕೂರುವ ಹಾಗಿಲ್ಲ, ಇದೆಂಥ ಕಾರು ಎಂದು ಊರೆಲ್ಲ ನಕ್ಕಿತು. ಕೆರೆ ಏರಿಯ ಮೇಲೆ ಅಪ್ಪ ನನಗೆ ಅದನ್ನು ಓಡಿಸಲು ಕಲಿಸಿದರು. ನನ್ನ ಮದುವೆಯಾದಾಗ ನನ್ನ ಹೆಸರಿಗೇ ಮಾಡಿಸಿಕೊಟ್ಟು, "ಹೋದ ಮನೇಲಿ ಏನಿರ್ತದೋ ಏನಿಲ್ವೋ, ನಂದು ಅನ್ನೋದು ಒಂದಿರ್ಲಿ ಕಣವ್ವ," ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ನಾನು ಸೇರಿದ ಮನೆಯಲ್ಲಿ ಎಲ್ಲವನ್ನೂ ಎಲ್ಲರೂ ಕೂತು ತೀರ್ಮಾನಿಸುತ್ತಾರೆ, ನಾನು ಒಳಗೆ ಅಡುಗೆ ಮಾಡುತ್ತಿರುವಾಗ. ಬಸವೇಶ್ವರನಗರದ ಈ ಮನೆಯ ನಕ್ಷೆ ಹಾಗೇ ಆಯಿತು. ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದು ಕೂಡ ನನ್ನನ್ನು ಕೇಳಲಿಲ್ಲ, ಇವತ್ತಿಗೂ ಹೊಗೆಯೆಲ್ಲ ನನ್ನ ಮುಖಕ್ಕೇ ಬರುತ್ತದೆ. ಮಗನ ಕಾಲೇಜು ಹಾಗೇ ಆಯಿತು. ಈ ವರ್ಷ ನನ್ನ ಮಂಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದೂ ಹಾಗೆಯೇ. ಮಂಡಿ ನನ್ನದು, ದಿನ ಅವರದು. ಎಲ್ಲವನ್ನೂ ನುಂಗಿಕೊಂಡೆ. ಭಾನುವಾರ ಬೆಳಿಗ್ಗೆ ಕಾರು ತೆಗೆದು ಒಬ್ಬಳೇ ಹೊರಟರೆ ಯಾವ ಕಡೆ ತಿರುಗಬೇಕೆಂದು ಹೇಳುವವರು ಯಾರೂ ಇರುತ್ತಿರಲಿಲ್ಲ, ನನಗೆ ಅಷ್ಟು ಸಾಕಾಗಿತ್ತು. ಕಾರು ಕೆಮ್ಮುತ್ತಿತ್ತು, ದಿಬ್ಬ ಕಂಡರೆ ಏದುಸಿರು ಬಿಡುತ್ತಿತ್ತು, ನಿಜ. ಕೆಟ್ಟು ನಿಂತರೆ ಕಾಮಾಕ್ಷಿಪಾಳ್ಯದಲ್ಲಿ ಗ್ಯಾರೇಜು ಇಟ್ಟಿರುವ ಗೋಕಾಕದ ಕಡೆಯ ದುಂಡೇಶ ಬಂದು ಸರಿ ಮಾಡಿ, ಕಾಫಿ ಕುಡಿದು ಹೋಗುತ್ತಿದ್ದ.

ಆಪರೇಷನ್ ಆಗಿ ನಾನು ಮಲಗಿದ್ದಾಗ, "ಬ್ರೇಕ್ ಸರಿಯಿಲ್ಲ, ಗ್ಯಾರೇಜಿಗೆ ಬಿಡ್ತೀನಿ," ಎಂದು ಕಾರು ತೆಗೆದುಕೊಂಡು ಹೋದ ಭೈರೇಶ ಈಗ ಇದನ್ನು ತಂದು ನಿಲ್ಲಿಸಿದ್ದ.

ನೆಂಟರು ಹೋದ ಮೇಲೆ ವಿಚಾರಿಸಿದೆ. ಯಜಮಾನರಿಗೆ ಮೊದಲೇ ಗೊತ್ತಿತ್ತು. ನಾದಿನಿಗೆ ಗೊತ್ತಿತ್ತು. ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿ, ತವರಿನ ಕಾರಲ್ಲವೇ ಎಂದು ಅವನ ಒಪ್ಪಿಗೆಯನ್ನೂ ಪಡೆದಿದ್ದರಂತೆ. ಪಾತ್ರೆ ತೊಳೆಯುವ ಅಕ್ಕವ್ವನಿಗೂ ಗೊತ್ತಿತ್ತು.

"ಸರ್‌ಪ್ರೈಸ್ ಅಂದ್ರೆ ಹೇಳ್ಬಿಟ್ಟು ಮಾಡ್ತಾರಾ ಅಮ್ಮ?" ಎಂದ ಭೈರೇಶ.

"ಹೊಸ ಸೀರೆ ತಂದ್ಕೊಟ್ರೆ ಸರ್‌ಪ್ರೈಸ್ ಕಣೋ. ಬೀರುನಲ್ಲಿರೋ ನನ್ನ ಸೀರೆ ಕತ್ತರಿಸಿ ಚೂಡಿದಾರ್ ಹೊಲ್ಸಿಕೊಟ್ರೆ ಅದಕ್ಕೇನಂತಾರೆ?"

"ನಿನ್ನ ಮಂಡಿಗೋಸ್ಕರ ಮಾಡ್ಸಿದ್ದು. ಆ ಹಳೇ ಕ್ಲಚ್ ಒತ್ತೋಕಾಗ್ತಿತ್ತಾ ನಿಂಗೆ?"

"ನನ್ನ ಮಂಡೀನ ನನ್ನ ಹತ್ರ ಕೇಳಿದ್ಯಾ?"

"ಹೋಗ್ಲಿ ಬಿಡೇ, ಮಗ ಪ್ರೀತಿಯಿಂದ ಮಾಡಿದಾನೆ," ಎಂದರು ಯಜಮಾನರು. ಪ್ರೀತಿ ಎಂಬ ಮಾತು ಬಂದ ಕೂಡಲೇ ನಾನು ಬಾಯಿ ಮುಚ್ಚಬೇಕೆಂದು ನಮ್ಮ ಮನೆಯಲ್ಲಿ ಕಾನೂನಿದೆ. ಅವತ್ತೂ ಮುಚ್ಚಿದೆ. ಒಳಗೆ ಮಾತ್ರ ಕುದಿಯುತ್ತಿದ್ದೆ.

ಅದೇ ವಾರ ಮಗನಿಗೆ ನನ್ನಿಂದ ಒಂದು ಕೆಲಸ ಆಗಬೇಕಾಯಿತು. ಎಂಜಿನ್ ಬದಲಾಯಿಸಿದರೆ ಆರ್‌ಟಿಓದವರ ಒಪ್ಪಿಗೆ ಬೇಕು, ಹೊಸ ಎಂಜಿನ್ನಿನ ನಂಬರು ದಾಖಲಾಗಬೇಕು. ಅದಕ್ಕೆ ಕಾರಿನ ಮಾಲೀಕರ ಸಹಿ ಬೇಕು. ಅವನ ಸಹಿ ನಡೆಯುವುದಿಲ್ಲ, ಅವರಪ್ಪನದೂ ನಡೆಯುವುದಿಲ್ಲ. ನಾನು ಚಪಾತಿ ಲಟ್ಟಿಸುತ್ತಿದ್ದಾಗ ಬಂದು, ಅರ್ಜಿಯನ್ನು ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟು, ಪೆನ್ನಿನ ಕ್ಯಾಪ್ ತಾನೇ ತೆಗೆದು ಹಿಡಿದ.

"ಇಲ್ಲೊಂದು ಸೈನ್ ಹಾಕ್ಬಿಡಮ್ಮ. ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ."

"ಹಾಕಲ್ಲ."

ಅವನು ನಕ್ಕ. ನಾನು ನಗುತ್ತಿಲ್ಲವೆಂದು ಗೊತ್ತಾದಾಗ ನಿಲ್ಲಿಸಿದ.

"ಮೊದ್ಲು ನನ್ನ ಎಂಜಿನ್ ವಾಪಸ್ ಹಾಕ್ಸು," ಎಂದೆ.

"ನೀನಿನ್ನೂ ಓಡ್ಸೇ ನೋಡಿಲ್ವಲ್ಲಮ್ಮ! ಒಂದ್ಸಲ ಓಡ್ಸು, ಆಮೇಲೆ ಮಾತಾಡು."

ಅದು ನ್ಯಾಯವಾದ ಮಾತು. ಒಲೆ ಆರಿಸಿ, ಕೈ ತೊಳೆದು ಬಂದು ಕೀ ಕೇಳಿದೆ.

"ಈಗ್ಲೇನಾ? ರಿಜಿಸ್ಟರ್ ಆಗೋವರ್ಗೂ ರೋಡಿಗೆ ಇಳ್ಸೋ ಹಾಗಿಲ್ಲ ಅಮ್ಮ."

"ಗ್ಯಾರೇಜಿಂದ ಇಲ್ಲೀವರ್ಗೂ ತಲೆ ಮೇಲೆ ಹೊತ್ಕೊಂಡ್ ಬಂದ್ಯಾ?"

ಅವನು ಪಕ್ಕದಲ್ಲಿ ಕೂತ. ಕೀ ತಿರುಗಿಸಿದರೆ ಕಾರು ಕೆಮ್ಮಲಿಲ್ಲ, ನಡುಗಲಿಲ್ಲ. ಕ್ಲಚ್ ಬೆಣ್ಣೆಯ ಹಾಗೆ ಒಳಗೆ ಹೋಯಿತು, ಮಂಡಿಗೆ ಗೊತ್ತೇ ಆಗಲಿಲ್ಲ. ರಿಂಗ್ ರೋಡ್ ಸೇರುವವರೆಗೂ ಅವನು ಬಾಯಿಗೆ ಬಿಡುವು ಕೊಡಲಿಲ್ಲ. "ಗೇರ್ ಹಾಕು. ಈಗ ಬಿಡು. ಮೆಲ್ಲಗೆ ಅಮ್ಮ. ಎಡಕ್ಕೆ, ಎಡಕ್ಕೆ." ನಾನು ಓಡಿಸುವುದನ್ನು ಕಲಿತಾಗ ಇವನು ಹುಟ್ಟಿರಲೂ ಇಲ್ಲ.

ಸುಮನಹಳ್ಳಿಯ ಮೇಲ್ಸೇತುವೆ ಬಂತು. ಹಳೆಯ ಎಂಜಿನ್ ಅದನ್ನು ಎರಡನೇ ಗೇರಿನಲ್ಲಿ ನರಳುತ್ತ ಏರುತ್ತಿತ್ತು, ಹಿಂದಿನ ಬಸ್ಸಿನವರೆಲ್ಲ ಹಾರ್ನ್ ಹೊಡೆದು ನನ್ನ ಮಾನ ಕಳೆಯುತ್ತಿದ್ದರು. ಈಗ ಕಾಲನ್ನು ಸ್ವಲ್ಪ ಒತ್ತಿದೆ, ಅಷ್ಟೇ. ಒಂದು ಗಳಿಗೆ ತಡೆದು, ಆಮೇಲೆ ಯಾರೋ ಹಿಂದಿನಿಂದ ಬಲವಾಗಿ ನೂಕಿದಂತೆ ಕಾರು ನುಗ್ಗಿತು. ಮುಂದಿದ್ದ ಬಸ್ಸು ಹಿಂದಾಯಿತು. ಉಯ್ಯಾಲೆ ಮೇಲಕ್ಕೆ ಹೋದಾಗ ಆಗುವಂತೆ ಹೊಟ್ಟೆ ಜುಂ ಎಂದಿತು, ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಸುಳ್ಳೇಕೆ ಹೇಳಲಿ, ಅಷ್ಟು ಖುಷಿ ಆ ಕಾರಿನಲ್ಲಿ ನನಗೆ ಹಿಂದೆಂದೂ ಆಗಿರಲಿಲ್ಲ. ಇಷ್ಟು ದೊಡ್ಡ ಖುಷಿಯನ್ನೂ ನನ್ನನ್ನು ಬಿಟ್ಟು ಇವರೇ ತೀರ್ಮಾನಿಸಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು.

"ನೋಡಿದ್ಯಾ? ನಿಂಗೇನ್ ಇಷ್ಟ ಅಂತ ನಂಗೊತ್ತಿಲ್ವಾ!" ಎಂದು ಅವನು ಡ್ಯಾಶ್‌ಬೋರ್ಡ್ ತಟ್ಟಿದ. "ಸಾಕು, ಈಗ ಮನೆ ಕಡೆ ತಿರುಗ್ಸು."

ನಾನು ಕಾಮಾಕ್ಷಿಪಾಳ್ಯದ ಕಡೆ ತಿರುಗಿಸಿದೆ.

ಗ್ಯಾರೇಜಿನ ಮುಂದೆ ನಿಲ್ಲಿಸುತ್ತಲೇ ದುಂಡೇಶ ಕೈ ಒರೆಸಿಕೊಳ್ಳುತ್ತ ಬಂದ. "ಬರ್ರಿ ಅಕ್ಕಾರ. ಹೆಂಗೈತ್ರಿ ಗಾಡಿ?"

"ತುಂಬ ಚೆನ್ನಾಗಿದೆ ದುಂಡೇಶ. ಈ ಎಂಜಿನ್ ತೆಗೆದು ನಂದು ಹಾಕು."

ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಭೈರೇಶನ ಮುಖ ನೋಡಿದ.

"ಇಷ್ಟು ವರ್ಷ ನಮ್ಮನೇಲಿ ಕಾಫಿ ಕುಡ್ದಿದೀಯ. ನನ್ನ ಕಾರಿನ ಹೊಟ್ಟೆಗೆ ಕೈ ಹಾಕೋವಾಗ ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ನಿರಿ ಅಕ್ಕಾರ," ಎಂದು ದುಂಡೇಶ ತಲೆ ತಗ್ಗಿಸಿದ. "ಅಕ್ಕಾರಿಗೆ ಗೊತ್ತೈತೇನ್ರಿ ಅಂತ ಈ ಸಾಹೇಬ್ರಿಗೆ ಕೇಳಿದ್ನಿ. ಮನ್ಯಾಗ ಎಲ್ಲಾರೂ ಒಪ್ಯಾರ ಅಂದ್ರು."

ಮನೆಯಲ್ಲಿ ಎಲ್ಲರೂ. ನಾನು ಭೈರೇಶನ ಕಡೆ ನೋಡಿದೆ. ಅವನು ಫೋನು ನೋಡಿಕೊಂಡ.

"ವಾಪಸ್ ಹಾಕೋಕಾಗುತ್ತಾ ಇಲ್ವಾ, ಅಷ್ಟು ಹೇಳು."

ದುಂಡೇಶ ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದ. "ಆಗತೈತ್ರಿ. ಆದ್ರ ಹಳೇ ಎಂಜಿನ್ ಕುಂಡ್ರೂ ಜಾಗಾನ ಕೊಯ್ದೇವಿ, ಮತ್ತ ವೆಲ್ಡಿಂಗ್ ಮಾಡಬೇಕು. ಭಾಳ ದಿನಾ ಹಿಡೀತೈತಿ. ಅಷ್ಟು ಮಾಡಿದ್ರೂ ಅದು ದಿಬ್ಬಾ ಏರೂದಿಲ್ರಿ ಅಕ್ಕಾರ."

"ಏರದೆ ಹೋದ್ರೆ ಸುತ್ಕೊಂಡು ಹೋಗ್ತೀನಿ."

ಭೈರೇಶನಿಗೆ ತಡೆಯಲಾಗಲಿಲ್ಲ. "ಅಮ್ಮ, ಏನ್ ಹಟ ಇದು? ಈಗ್ತಾನೆ ಫ್ಲೈಓವರ್ ಮೇಲೆ ಮಗು ಥರ ನಗ್ತಿದ್ದೆ! ಇಷ್ಟ ಆಗಿಲ್ಲ ಅಂತ ಹೇಳು ನೋಡೋಣ."

"ಇಷ್ಟ ಆಗಿದೆ," ಎಂದೆ. "ಮೊದ್ಲೇ ಕೇಳಿದ್ದಿದ್ರೆ ಹೂಂ ಅಂತಿದ್ದೆ ಕಣೋ."

ಅವನ ಮುಖ ಅರಳಿತು. "ಅಷ್ಟೇ ತಾನೇ? ಇಷ್ಟಕ್ಕೆ ಇಷ್ಟೊಂದು ರಾಮಾಯಣಾನಾ? ಸರಿ, ಈಗ ಕೇಳ್ತಾ ಇದೀನಿ. ಅಮ್ಮ, ಈ ಎಂಜಿನ್ ಇರ್ಲಾ?" ಎಂದು ಕೈಮುಗಿದವನು, ನಾನು ಬಾಯಿ ತೆರೆಯುವ ಮೊದಲೇ ಬಾನೆಟ್ ಮುಚ್ಚುವಂತೆ ದುಂಡೇಶನಿಗೆ ಸನ್ನೆ ಮಾಡಿದ.

"ಬೇಡ," ಎಂದೆ.